ಭುಜ ಹಿಡ್ಕೊಂಡಿದೆ, ಕಾರ್ಡು ನಡೆಯುತ್ತಾ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಜಾರಿಗೆ ಬಂದಾಗ ಅದರ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು. ಹೃದಯದ ಕವಾಟ ಬದಲಾಯಿಸುವುದರಿಂದ ಹಿಡಿದು ಮಿದುಳಿನ ಗಡ್ಡೆ ತೆಗೆಯುವವರೆಗೆ, ಮನುಷ್ಯನ ಮೈಯಲ್ಲಿ ಕೆಡಬಹುದಾದ ದೊಡ್ಡ ದೊಡ್ಡ ಭಾಗಗಳಿಗೆಲ್ಲ ಅಲ್ಲೊಂದು ಹೆಸರು, ಅದಕ್ಕೊಂದು ದರ. ಆದರೆ ಷರಟಿನ ತೋಳಿಗೆ ಕೈ ತೂರಿಸಲಾಗದೆ ಬೆಳಗ್ಗೆ ಬೆಳಗ್ಗೆ ಹೆಂಡತಿಯನ್ನು ಕೂಗುವವನು ಆ ಪಟ್ಟಿಯಲ್ಲಿ ತನ್ನ ಕಷ್ಟವನ್ನು ಹುಡುಕಲು ಕೂತರೆ ಕಣ್ಣು ನೋಯುತ್ತದೆಯೇ ಹೊರತು ಭುಜದ ನೋವು ಹೋಗುವುದಿಲ್ಲ.

ಗುಬ್ಬಿಯಲ್ಲಿ ಒಬ್ಬ ಟೈಲರ್ ಇದ್ದಾರೆ ಎಂದಿಟ್ಟುಕೊಳ್ಳಿ. ಇಟ್ಟುಕೊಳ್ಳುವುದೇನು, ಇದ್ದೇ ಇರುತ್ತಾರೆ. ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆಗೆ ಎಂಟು ವರ್ಷ, ಬಿಪಿಎಲ್ ಕಾರ್ಡಿಗೆ ಅದಕ್ಕಿಂತ ಹೆಚ್ಚು. ಒಂದು ದಿನ ಮೇಲಿನ ಗೂಟದಲ್ಲಿದ್ದ ಲೈನಿಂಗ್ ಬಟ್ಟೆಗೆ ಕೈ ಚಾಚಿದರೆ ಕೈ ಎದೆಮಟ್ಟಕ್ಕೇ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಡಾಕ್ಟರುಗಳು ಇದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. ಹೆಚ್ಚಾಗಿ ನಲವತ್ತರಿಂದ ಅರವತ್ತರ ನಡುವೆ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಸಕ್ಕರೆ ಕಾಯಿಲೆಯವರ ಮೇಲಂತೂ ಅದಕ್ಕೆ ವಿಶೇಷ ಪ್ರೀತಿ. ಬರುವಾಗ ಹೇಳಿ ಬರುವುದಿಲ್ಲ. ಹೋಗಲು ಒಂದರಿಂದ ಮೂರು ವರ್ಷ ತೆಗೆದುಕೊಳ್ಳುತ್ತದೆ. ಮದುವೆಗೆಂದು ಬಂದ ದೂರದ ನೆಂಟರೂ ಅಷ್ಟು ದಿನ ಉಳಿಯುವುದಿಲ್ಲ.

ನಮ್ಮ ಕಡೆ ನೋವು ಬಂದವನಿಗೆ ಮೊದಲು ಸಿಗುವುದು ಸಲಹೆ, ಅದೂ ಕೇಳದೆಯೇ. ಎದುರಿನ ದಿನಸಿ ಅಂಗಡಿಯವರು ಇದು ವಾಯು, ಅವರೆಕಾಯಿ ಬಿಡಿ ಎಂದರು. ಷರಟು ಹೊಲಿಸಲು ಬಂದವರೊಬ್ಬರು ಲಕ್ವದ ಮುನ್ಸೂಚನೆ ಎಂದು ಹೆದರಿಸಿ, ಅಳತೆ ಕೊಟ್ಟು ಹೋದರು. ಇನ್ನೊಬ್ಬರು ಆಂಧ್ರದ ಪುತ್ತೂರು ಕಟ್ಟು ಹಾಕಿಸಿ ಎಂದಾಗ ಟೈಲರ್ ಮಡದಿ, “ಮೂಳೆ ಮುರಿದಿದ್ರಲ್ವಾ ಕಟ್ಟೋದು? ಇವ್ರಿಗೆ ಬಿಚ್ಚೋರು ಬೇಕು” ಎಂದು ಅಸಲು ವಿಷಯವನ್ನು ಒಂದೇ ಮಾತಿಗೆ ಹೇಳಿ ಮುಗಿಸಿದರು. ಕೊನೆಗೆ ಮೂಳೆ ಡಾಕ್ಟರು ಫೋಟೊ ತೆಗೆಸಿ, ಮೂಳೆಗೆ ಏನೂ ಆಗಿಲ್ಲ, ಫಿಸಿಯೋಥೆರಪಿ ಮಾಡಿಸಿ ಎಂದು ಬರೆದುಕೊಟ್ಟರು. ಊರ ಬಾಯಲ್ಲಿ ಅದು “ಕರೆಂಟ್ ಕೊಡಿಸೋದು.” ಬೆಸ್ಕಾಂಗೂ ಇದಕ್ಕೂ ಸಂಬಂಧವಿಲ್ಲ.

ಅಲ್ಲಿಂದ ಹುಡುಕಾಟ ಶುರು. ಪ್ರಶ್ನೆ ಸರಳ: ಹತ್ತಿರದಲ್ಲಿ, ಸರ್ಕಾರದ ಕಾರ್ಡು ಒಪ್ಪುವ ಫಿಸಿಯೋ ಯಾರಾದರೂ ಇದ್ದಾರೆಯೇ?

ಮನೆಯ ಬೀರುವಿನಲ್ಲಿ ಪ್ಲಾಸ್ಟಿಕ್ ಕವರು, ಅದಕ್ಕೆ ರಬ್ಬರ್ ಬ್ಯಾಂಡು, ಒಳಗೆ ಕಾರ್ಡುಗಳ ಕಟ್ಟು. ಆಧಾರ್, ರೇಷನ್, ಪ್ಯಾನ್, ಇ-ಶ್ರಮ್. ಆರೋಗ್ಯದ್ದೇ ಎರಡು. ಹದಿನಾಲ್ಕು ಅಂಕಿಯ ಆಭಾ ಕಾರ್ಡು ನೋಡಲು ಗಂಭೀರವಾಗಿದೆ. ಅದರಲ್ಲಿ ರೋಗಿಯ ದಾಖಲೆ ಕೂಡಿಡಬಹುದು, ಹಣ ಒಂದು ಪೈಸೆಯೂ ಹುಟ್ಟುವುದಿಲ್ಲ. ಹಣದ ಕಾರ್ಡು ಅದರ ಪಕ್ಕದ್ದು, ಆಯುಷ್ಮಾನ್. ಎರಡನ್ನೂ ಗ್ರಾಮ ಒನ್‌ನಲ್ಲಿ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದವರಲ್ಲಿ ಅರ್ಧ ಜನ ಆಸ್ಪತ್ರೆಯಲ್ಲಿ ಮೊದಲು ತೆಗೆದುಕೊಡುವುದು ಆಭಾವನ್ನೇ. ಬಣ್ಣ ಅದಕ್ಕೇ ಚೆನ್ನಾಗಿದೆ ಎಂದು ಕಾಣುತ್ತದೆ.

ಆಯುಷ್ಮಾನ್ ಕಾರ್ಡಿನ ಕಥೆ ಸ್ವಲ್ಪ ಹೇಳಬೇಕು. ಕರ್ನಾಟಕದಲ್ಲಿ ಯಶಸ್ವಿನಿ, ವಾಜಪೇಯಿ ಆರೋಗ್ಯಶ್ರೀ, ರಾಜೀವ್ ಆರೋಗ್ಯ ಭಾಗ್ಯ ಎಂದು ಒಂದೊಂದು ಸರ್ಕಾರಕ್ಕೆ ಒಂದೊಂದು ಯೋಜನೆ ಇದ್ದವು. 2018ರ ಮಾರ್ಚ್ 2ರಂದು ‘ಆರೋಗ್ಯ ಕರ್ನಾಟಕ’ ಬಂತು, ಅವನ್ನೆಲ್ಲ ಒಂದೇ ಚೀಲಕ್ಕೆ ತುಂಬಿತು. ಅದೇ ವರ್ಷ ಅಕ್ಟೋಬರ್ 30ರಿಂದ ಕೇಂದ್ರದ ಆಯುಷ್ಮಾನ್ ಭಾರತ್ ಅದರ ಜೊತೆ ಸೇರಿತು. ನೋಡಿಕೊಳ್ಳುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ. ಐದು ಲಕ್ಷ ಎಂಬ ಮಾತು ಮಾತ್ರ ಎಲ್ಲರಿಗೂ ಬಾಯಿಪಾಠ. ಉಳಿದ ವಾಕ್ಯಗಳನ್ನು ಆರೋಗ್ಯಮಿತ್ರರು ಹೇಳಿದಾಗಲೇ ಕೇಳುವುದು.

ಆರೋಗ್ಯಮಿತ್ರ ಎಂದರೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮೇಜು ಹಾಕಿಕೊಂಡು ಕೂತಿರುವವರು. ತುಮಕೂರಿನ ಒಂದು ಆಸ್ಪತ್ರೆಯ ಅಂಥ ಮೇಜಿನ ಮುಂದೆ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

“ಏನ್ ತೊಂದ್ರೆ ಯಜಮಾನ್ರೇ?”

“ಭುಜ ಹಿಡ್ಕೊಂಡಿದೆ ಕಣಮ್ಮ. ಕೈ ಮೇಲಕ್ಕೇಳಲ್ಲ.”

“ಆಪರೇಷನ್ ಹೇಳವ್ರಾ?”

“ಇಲ್ಲ. ಕರೆಂಟು, ಎಕ್ಸರ್ಸೈಜು ಅಂದ್ರು. ಹತ್ತು ದಿನ ಬರ್ಬೇಕಂತೆ.”

“ಅಡ್ಮಿಷನ್ ಆಗ್ತೀರಾ?”

“ಯಾಕಮ್ಮಾ? ಕಾಲು ಗಟ್ಟಿಯಾಗವೆ, ಸಾಯಂಕಾಲ ಬಸ್ ಹತ್ಕೊಂಡು ಊರಿಗ್ ಹೋಗ್ತೀನಿ.”

“ಹಂಗಾದ್ರೆ ಕಾರ್ಡ್ ಬರಲ್ಲ ಯಜಮಾನ್ರೇ.”

ಆಕೆಯದೇನೂ ತಪ್ಪಿಲ್ಲ. ಯೋಜನೆಗೆ ಹಾಸಿಗೆ ಕಂಡರೆ ಮಾತ್ರ ಪ್ರೀತಿ. ಮಲಗಿದವನು ಒಳರೋಗಿ, ಅವನಿಗೆ ಪ್ಯಾಕೇಜು. ನಡೆದುಕೊಂಡು ಬಂದು ನಡೆದುಕೊಂಡು ಹೋಗುವವನು ಹೊರರೋಗಿ, ಅವನಿಗೆ ನಮಸ್ಕಾರ. ಫಿಸಿಯೋಥೆರಪಿಯೋ, ಹುಟ್ಟಿನಿಂದಲೇ ಹೊರರೋಗಿಗಳ ವಿದ್ಯೆ. ರೋಗಿ ಎದ್ದು ಓಡಾಡಲಿ ಎಂದೇ ಅದು ಇರುವುದು. ಮಲಗಿದರೆ ದುಡ್ಡು ಕೊಡುತ್ತೇನೆ ಎನ್ನುವ ವಿಮೆಗೂ ಮಲಗಬೇಡ ಎನ್ನುವ ಚಿಕಿತ್ಸೆಗೂ ಜಾತಕ ಕೂಡುವುದು ಕಷ್ಟ.

ಟ್ರಸ್ಟಿನ ಕಡೆಯಿಂದ ನೋಡಿದರೆ ಅವರಿಗೂ ಒಂದು ನ್ಯಾಯ ಇದೆಯೆನ್ನಿ. ಆಪರೇಷನ್ ಆದರೆ ಹೊಲಿಗೆ ಕಾಣುತ್ತದೆ, ಕೂರಿಸಿದ ರಾಡು ಎಕ್ಸ್‌ರೇಯಲ್ಲಿ ಹೊಳೆಯುತ್ತದೆ, ಡಿಸ್ಚಾರ್ಜ್ ಪತ್ರ ಇರುತ್ತದೆ. ಒಬ್ಬ ಟೈಲರಿನ ಕೈಯನ್ನು ಇಪ್ಪತ್ತು ಸಲ ಮೇಲೆತ್ತಿಸಿದೆ ಎಂಬುದಕ್ಕೆ ಯಾವ ಎಕ್ಸ್‌ರೇ ಸಾಕ್ಷಿ ಹೇಳುತ್ತದೆ? ಎತ್ತದ ಕೈಗೂ ಬಿಲ್ಲು ಎತ್ತುವ ಜಾಣರು ನಮ್ಮಲ್ಲಿ ಕಡಿಮೆಯಿಲ್ಲ.

ಆದರೆ ಆಪರೇಷನ್ ಆದವರಿಗಾದರೂ ಫಿಸಿಯೋ ಪೂರ್ತಿ ಸಿಗುತ್ತದೆಯೇ? ಮಂಡಿ ಚಿಪ್ಪು ಬದಲಾವಣೆಯನ್ನೇ ತೆಗೆದುಕೊಳ್ಳಿ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಯ ಬೆಲೆಗೆ ಕಡಿವಾಣ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್–ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ. ಆಯುಷ್ಮಾನ್ ಪಟ್ಟಿಯಲ್ಲೂ ಮಂಡಿ ಬದಲಾವಣೆ ಉಂಟು. ಡಿಸ್ಚಾರ್ಜ್ ಆದ ಮೇಲೂ ಹದಿನೈದು ದಿನ ಯೋಜನೆ ರೋಗಿಯ ಕೈಬಿಡುವುದಿಲ್ಲ. ಹದಿನಾರನೇ ದಿನ ಮಂಡಿ ಇನ್ನೂ ಅರ್ಧಂಬರ್ಧ ಮಡಿಸುತ್ತಿರುತ್ತದೆ. ಅದು ಹದಕ್ಕೆ ಬರಲು ವಾರಗಟ್ಟಲೆ ವ್ಯಾಯಾಮ ಬೇಕು. ಲಕ್ಷದ ಲೆಕ್ಕದಲ್ಲಿ ಮಂಡಿ ಕೂರಿಸಿ, ಅದನ್ನು ಮಡಿಸಲು ಕಲಿಸುವ ನೂರಿನ ಲೆಕ್ಕದಲ್ಲಿ ಕೈ ಬಿಗಿ ಹಿಡಿಯುವುದು ಯಾವ ಸೀಮೆಯ ಉಳಿತಾಯವೋ.

ಬೇರೆ ದೇಶದವರು ಏನು ಮಾಡುತ್ತಾರೆ ಎಂದರೆ, 1883ರಲ್ಲೇ ಬಿಸ್ಮಾರ್ಕ್ ಕಾಲದಲ್ಲಿ ಕಾಯಿಲೆ ವಿಮೆ ಶುರುಮಾಡಿದ ಜರ್ಮನಿಯಲ್ಲಿ ಡಾಕ್ಟರು ಚೀಟಿ ಬರೆದರೆ ಸಾಕು. ರೋಗಿ ಚೀಟಿಗೆ 10 ಯೂರೋ, ಜೊತೆಗೆ ಖರ್ಚಿನಲ್ಲಿ ನೂರಕ್ಕೆ ಹತ್ತು ಕೊಡುತ್ತಾನೆ. ಮಿಕ್ಕಿದ್ದು ವಿಮೆಯದು. ಅಲ್ಲಿ ಹಾಸಿಗೆಯ ಹಂಗಿಲ್ಲ.

ಗುಬ್ಬಿಯಿಂದ ತುಮಕೂರಿಗೆ ಬಿ.ಎಚ್. ರಸ್ತೆಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರು. ಬಸ್ಸೂ ಇದೆ, ರೈಲೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಜೊತೆಗೆ ಹೊರಟ ಮಡದಿಗೆ ಟಿಕೆಟ್ ಶೂನ್ಯ. ಭುಜ ಹಿಡಿದ ಟೈಲರಿಗೆ ಪೂರ್ತಿ ಚಾರ್ಜು. ಮೇಲಿನ ಕಂಬಿ ಹಿಡಿದು ನಿಲ್ಲಲು ಆಗದ ಕಾರಣ ಅವರು ಸೀಟಿರುವ ಬಸ್ಸೇ ಬೇಕೆಂದು ನಾಲ್ಕು ಬಸ್ಸು ಬಿಡುತ್ತಾರೆ. ಕಾಯುತ್ತ ನಿಂತಾಗ ಅವರಿಗೆ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ನೆನಪಾಗುತ್ತದೆ. 615 ಎಕರೆಯ ಕಾರ್ಖಾನೆ, 2023ರ ಫೆಬ್ರುವರಿ 6ರಂದು ಪ್ರಧಾನಿಯೇ ಬಂದು ಉದ್ಘಾಟಿಸಿದ್ದು. “ನಮ್ ತಾಲ್ಲೂಕಲ್ಲಿ ಹೆಲಿಕಾಪ್ಟ್ರು ಮೇಲಕ್ಕೇಳ್ತವೆ, ನನ್ ಕೈ ಏಳಲ್ಲ ನೋಡು.” ಗುಬ್ಬಿ ವೀರಣ್ಣನವರ ಊರಿನವರು, ನೋವಿನಲ್ಲೂ ಡೈಲಾಗಿಗೆ ಬರವಿಲ್ಲ.

ಕುಣಿಗಲ್ಲಿನವರ ಪಾಡು ಬೇರೆ. ಜಿಲ್ಲಾ ಕೇಂದ್ರ ತುಮಕೂರು ಮೂವತ್ತೈದು ಕಿಲೋಮೀಟರು ಆಚೆ, ನೇರ ರೈಲಿಲ್ಲ. 2017ರಲ್ಲಿ ಬಂದ ರೈಲು ಅವರನ್ನು ಬೆಂಗಳೂರಿಗೋ ಹಾಸನಕ್ಕೋ ಕರೆದೊಯ್ಯುತ್ತದೆ. ಹೆದ್ದಾರಿಯಲ್ಲಿ ಎಡಿಯೂರು ದಾಟಿ ಹೋದರೆ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ಹೀಗೆ ನೋವು ಒಂದೇ ಆದರೂ ಅದಕ್ಕೆ ದಿಕ್ಕು ಮೂರು, ಬಸ್ಸು ಮೂರು. ಇಷ್ಟಾಗಿ ಕುಣಿಗಲ್ ಎಂದರೆ ಕಾಲಿನ ಬೆಲೆ ಗೊತ್ತಿಲ್ಲದ ಊರಲ್ಲ. ಟಿಪ್ಪುವಿನ ಕಾಲದ ನಂಟಿರುವ ಸ್ಟಡ್ ಫಾರಂ ಅಲ್ಲಿದೆ; ಓಟದ ಕುದುರೆಗೆ ಕಾಲೇ ಬಂಡವಾಳ. ಕುದುರೆ ಕುಂಟಿದರೆ ಯಜಮಾನ ನಿದ್ದೆಗೆಡುತ್ತಾನೆ. ಮಂಡಿ ನೋಯುವ ಅಜ್ಜಿ ಕುಂಟಿದರೆ, “ವಯಸ್ಸಾಯ್ತಲ್ಲವ್ವಾ” ಎಂದು ಮನೆಯವರೇ ಮಾತು ಮುಗಿಸುತ್ತಾರೆ.

ತೆಂಗು ಅಡಿಕೆಯ ಸೀಮೆಯಾದ್ದರಿಂದ ಮರ ಹತ್ತುವವರ ಸೊಂಟದ ಕಥೆಯನ್ನೂ ಕೇಳಬೇಕು. ತೆಂಗು ಅಭಿವೃದ್ಧಿ ಮಂಡಳಿಯ ಕೇರಾ ಸುರಕ್ಷಾ ಎಂಬ ವಿಮೆ ಇದೆ, ತೆಂಗಿನ ಮರ ಹತ್ತುವವರಿಗೇ ಮಾಡಿದ್ದು. ಅಪಘಾತ ವಿಮೆ. ಮರದಿಂದ ಬಿದ್ದರೆ ಪರಿಹಾರ ಉಂಟು. ಬೀಳದೆ, ಇಪ್ಪತ್ತು ವರ್ಷ ಜೋಪಾನವಾಗಿ ಹತ್ತಿ ಇಳಿದು ಸೊಂಟ ಸವೆಸಿಕೊಂಡವನು ಜಾಗ್ರತೆ ವಹಿಸಿದ್ದಕ್ಕೆ ತಾನೇ ದಂಡ ತೆರಬೇಕು.

ಡೈರಿಗೆ ಹಾಲು ಹಾಕುವವರನ್ನು ಕೇಳಿದರೆ ಯಶಸ್ವಿನಿಯ ಹೆಸರು ಹೇಳುತ್ತಾರೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ತಿಂಗಳಿಗೆ 5 ರೂಪಾಯಿ ಕಂತಿನಲ್ಲಿ ಚಾಲನೆಗೆ ಬಂದಾಗ ದೇಶವೇ ತಿರುಗಿ ನೋಡಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿಹೋಗಿ, ಜನ ಬಿಡದೆ ಕೇಳಿದ್ದಕ್ಕೆ ಮರುಜನ್ಮ ಪಡೆಯಿತು. ಅದೂ ಮುಖ್ಯವಾಗಿ ಆಪರೇಷನ್ನಿನ ಯೋಜನೆಯೇ. ಕತ್ತರಿ ಹಿಡಿಯುವವನಿಗೆ ಕತ್ತರಿ ಹಾಕಿಸಿಕೊಂಡರಷ್ಟೇ ಮರ್ಯಾದೆ.

ಹಾಗಿದ್ದರೆ ಫಿಸಿಯೋಗೆ ದುಡ್ಡು ಕೊಡುವ ಸರ್ಕಾರಿ ವಿಮೆಯೇ ಇಲ್ಲವೆ ಎಂದರೆ, ಇದೆ. ಯಾರಿಗೆ ಎಂಬುದನ್ನು ನೋಡಿದರೆ ಸ್ವಾರಸ್ಯ.

ಮೊದಲನೆಯದು ಇಎಸ್‌ಐ. 1948ರ ಕಾಯ್ದೆಯಿಂದ ಹುಟ್ಟಿದ್ದು. ವಸಂತನರಸಾಪುರದ, ಅಂತರಸನಹಳ್ಳಿಯ, ಹಿರೇಹಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುವವರ ಸಂಬಳದಲ್ಲಿ ಶೇಕಡ 0.75 ಕತ್ತರಿಸಿ, ಮಾಲೀಕರ 3.25 ಸೇರಿಸಿ ಕಟ್ಟುತ್ತಾರೆ. ಇದಕ್ಕೆ ಹಾಸಿಗೆಯ ವ್ಯಾಮೋಹವಿಲ್ಲ. ಹೊರರೋಗಿಯನ್ನೂ ರೋಗಿ ಎಂದೇ ಒಪ್ಪುತ್ತದೆ. ಡಿಸ್ಪೆನ್ಸರಿಯಿಂದ ಚೀಟಿ ಹಿಡಿದು ಬೆಂಗಳೂರಿನ ರಾಜಾಜಿನಗರದ ದೊಡ್ಡಾಸ್ಪತ್ರೆಗೆ ಹೋಗುವ ದಾರಿ ಉದ್ದವಾದರೂ ದಾರಿ ಅಂತೂ ಉಂಟು. ತೊಡಕು ಎಂದರೆ 2017ರಿಂದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿಗೇ ನಿಂತಿದೆ. ಐನೂರು ರೂಪಾಯಿ ಇನ್ಕ್ರಿಮೆಂಟ್ ಬಂದು ಸಂಬಳ 21,200 ಆದರೆ ಆ ವಂತಿಗೆ ಅವಧಿ ಮುಗಿಯುವ ತನಕ, ಅಂದರೆ ಸೆಪ್ಟೆಂಬರ್ ಕೊನೆಯವರೆಗೋ ಮಾರ್ಚ್ ಕೊನೆಯವರೆಗೋ, ವಂತಿಗೆ ಕಡಿತ ಮುಂದುವರಿಯುತ್ತದೆ. ಆಮೇಲೆ ನೌಕರ ಶ್ರೀಮಂತ. ಆದ್ದರಿಂದ ಗಾರ್ಮೆಂಟ್ಸ್ ಹುಡುಗಿಯರಲ್ಲಿ ತಿಳಿದವರು ಕತ್ತು ನೋವನ್ನು ಇನ್ಕ್ರಿಮೆಂಟಿಗೆ ಮೊದಲೇ ತೋರಿಸಿಕೊಂಡುಬಿಡುತ್ತಾರೆ.

ಎರಡನೆಯದು ನಿರಾಮಯ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಅಡಿಯಲ್ಲಿ ಬಂದದ್ದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಇಲ್ಲ, ವಯಸ್ಸಿನ ತಕರಾರಿಲ್ಲ, ಹೊರರೋಗಿ ಚಿಕಿತ್ಸೆಗೂ ದಿನನಿತ್ಯದ ಥೆರಪಿಗೂ ಅದರಲ್ಲಿ ಜಾಗ ಇದೆ. ಇಷ್ಟೊಂದು ಒಳ್ಳೆಯದು ಇದ್ದ ಮೇಲೆ ಜನಕ್ಕೆ ಗೊತ್ತಿಲ್ಲದೆ ಇರುವುದು ಸಹಜವೇ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೂರು ಅಲೆಯುವ ತಾಯಂದಿರಲ್ಲಿ ಇದರ ಹೆಸರು ಕೇಳಿದವರು ಬೆರಳೆಣಿಕೆ. ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ಲು ಕಳಿಸಿ, ಆಮೇಲೆ ಹಣ ಪಡೆಯುವ ಕ್ರಮವಾದ್ದರಿಂದ ಪ್ರತಿ ರಸೀದಿಯನ್ನೂ ಮಡಚದೆ ಹರಿಯದೆ ಕಾಪಾಡಬೇಕು.

ಟೈಲರ್ ಇವೆರಡರಲ್ಲೂ ಬರುವುದಿಲ್ಲ. 14555ಕ್ಕೆ ಫೋನ್ ಮಾಡಿದರು, 104ಕ್ಕೂ ಮಾಡಿದರು. ಎಡಗೈಯಲ್ಲಿ ಫೋನ್ ಹಿಡಿದು ಬಲಗೈ ಕುತ್ತಿಗೆಯ ಮಟ್ಟಕ್ಕೆ ತರುವ ಅಭ್ಯಾಸ ಆಗ ಸ್ವಲ್ಪ ಆಯಿತು ಎಂಬುದೊಂದು ಲಾಭ.

ಕೊನೆಗೆ ದಾರಿ ತೋರಿಸಿದವರು ಆಶಾ ಕಾರ್ಯಕರ್ತೆ. “ಕಾರ್ಡ್ ಯಾಕಣ್ಣ ಹುಡುಕ್ತೀಯಾ? ದೊಡ್ಡಾಸ್ಪತ್ರೆಗ್ ಹೋಗಿ ಓಪಿ ಚೀಟಿ ಬರ್ಸು.” ಮಾತು ಅಷ್ಟೇ. ಸರ್ಕಾರಿ ಆಸ್ಪತ್ರೆಯ ಫಿಸಿಯೋ ವಿಭಾಗಕ್ಕೆ ವಿಮೆಯೇ ಬೇಡ. ಹಿರಿಯರ ಆರೋಗ್ಯಕ್ಕೆಂದು 2010–11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಗೆ ಹತ್ತು ಹಾಸಿಗೆಯ ವಾರ್ಡಿನ ಜೊತೆ ಫಿಸಿಯೋಥೆರಪಿ ಘಟಕವೂ ಸೇರಿದೆ. ಅಂದರೆ ಕಾರ್ಡು ನಡೆಯುವ ಫಿಸಿಯೋ ಯಾರು ಎಂದು ಊರೆಲ್ಲ ಹುಡುಕಿದ್ದಕ್ಕೆ ಉತ್ತರ, ಕಾರ್ಡೇ ಕೇಳದ ಫಿಸಿಯೋ.

ಆ ಕೋಣೆಯೊಂದು ಲೋಕ. ಗೋಡೆಗೆ ಬಡಿದ ಉದ್ದನೆಯ ಮರದ ಪಟ್ಟಿ, ಅದರ ತುಂಬ ಬೆರಳು ಕೂರುವಷ್ಟು ಕಚ್ಚು. ತೋರುಬೆರಳು, ನಡುಬೆರಳು ಎರಡನ್ನೂ ಒಂದೊಂದೇ ಕಚ್ಚಿನ ಮೇಲೆ ನಡೆಸುತ್ತ ಹತ್ತಿಸಬೇಕು. ಏಳನೇ ಕಚ್ಚಿಗೆ ಮುಖ ಕಿವುಚುತ್ತದೆ, ಎಂಟಕ್ಕೆ ಹಿಮ್ಮಡಿ ಮೇಲೇಳುತ್ತದೆ. “ಹಿಮ್ಮಡಿ ಎತ್ಬೇಡಿ, ಅದು ಕಾಲಿನ ಎಕ್ಸರ್ಸೈಜು” ಎಂದು ಫಿಸಿಯೋ ಮೇಡಂ ಅಲ್ಲಿಂದಲೇ ಕೂಗುತ್ತಾರೆ; ಅವರ ಎರಡೂ ಕೈ ಲಕ್ವ ಹೊಡೆದ ಇನ್ನೊಬ್ಬರ ಮೊಣಕೈ ಬಿಡಿಸುವುದರಲ್ಲಿರುತ್ತವೆ. ಮೂಲೆಯಲ್ಲಿ ಕರಗಿದ ಮೇಣದ ಪೆಟ್ಟಿಗೆ. ಬಾಗಿಲ ಮೇಲೆ ರಾಟೆ, ಹಗ್ಗ. ಕರೆಂಟಿನ ಮೆಷಿನ್ನಿಗೆ ಸರದಿ. ಅದರ ಒದ್ದೆ ಪ್ಯಾಡು ಭುಜಕ್ಕೆ ಕೂತು ಜುಮ್ ಎಂದಾಗ ಮಾತ್ರ ರೋಗಿಗೆ ಚಿಕಿತ್ಸೆ ಆಯಿತು ಎಂಬ ಸಮಾಧಾನ. ನಿಜವಾಗಿ ಕೈಯನ್ನು ಬಿಡಿಸುವುದು ಆ ಮರದ ಪಟ್ಟಿ, ಆದರೆ ಪುಕ್ಕಟೆ ಮರಕ್ಕೆ ಯಾರು ಮರ್ಯಾದೆ ಕೊಡುತ್ತಾರೆ?

ಅಲ್ಲಿ ಎಲ್ಲರೂ ಆಕೆಯನ್ನು ಡಾಕ್ಟ್ರೇ ಎನ್ನುತ್ತಾರೆ. ದೆಹಲಿಯಲ್ಲಿ ಇದೇ ಮಾತಿಗೆ ದೊಡ್ಡ ಗಲಾಟೆ ಆಗಿತ್ತು. ಫಿಸಿಯೋಥೆರಪಿಸ್ಟರು ಹೆಸರಿನ ಹಿಂದೆ ‘ಡಾ.’ ಹಾಕಿಕೊಳ್ಳಬಾರದು ಎಂದು ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಸೆಪ್ಟೆಂಬರ್ 9ರಂದು ಪತ್ರ ಬರೆಯಿತು. ವಿಶ್ವ ಫಿಸಿಯೋಥೆರಪಿ ದಿನ ಮುಗಿದ ಮರುದಿನ. ಅದರ ಮರುದಿನವೇ ಪತ್ರ ವಾಪಸ್ಸಾಯಿತು. ದನದ ಆಸ್ಪತ್ರೆಯ ಕಾಂಪೌಂಡರ್‌ಗೂ ಡಾಕ್ಟ್ರೇ ಎನ್ನುವ ಗುಬ್ಬಿ ಸಂತೆಗೆ ಈ ಎರಡು ಪತ್ರಗಳೂ ಮುಟ್ಟಲಿಲ್ಲ.

ಪುಕ್ಕಟೆ ಎಂದರೂ ಲೆಕ್ಕವೊಂದಿದೆ. ತುಮಕೂರಿಗೆ ಹೋಗಿ, ಸರದಿ ಕಾದು, ಬರುವಷ್ಟರಲ್ಲಿ ಅರ್ಧ ದಿನದ ಹೊಲಿಗೆ ಹೋಯಿತು. ಹಬ್ಬ ಹತ್ತಿರ ಬಂದಾಗ ಟೈಲರಿಗೆ ಅದು ಫೀಸಿಗಿಂತ ದುಬಾರಿ. ಕೆಲವು ದಿನ ಹೋಗಿ ವ್ಯಾಯಾಮವೆಲ್ಲ ಕಲಿತರು. ಅಂಗಡಿಯ ಗೋಡೆಯ ಮೇಲೇ ಕೈ ಹತ್ತಿಸುತ್ತ, ಮುಟ್ಟಿದ ಎತ್ತರಕ್ಕೆ ಟೈಲರ್ ಚಾಕಿನಿಂದ ಗೀಟು ಎಳೆದು, ಟೇಪು ಹಿಡಿದು ಇಂಚು ಬರೆದರು. ಐವತ್ತೆರಡು. ಐವತ್ತೆರಡೂವರೆ. ಅಮಾವಾಸ್ಯೆಯ ದಿನ ಐವತ್ತೊಂದು. ಅಳತೆ ಕೊಡಲು ಬಂದವರೆಲ್ಲ ಆ ಗೀಟು ನೋಡಿ, ಮಗು ಬೆಳೀತಿದ್ಯಾ ಎಂದು ಕೇಳಿದರು.

ಗೀಟು ಮೇಲೇರದೆ ನಿಂತಾಗ, ಊರಿನಲ್ಲೇ ಹೊಸದಾಗಿ ತೆರೆದ ಖಾಸಗಿ ಕ್ಲಿನಿಕ್ಕಿಗೆ ಹೋದರು. ಖಾಸಗಿ ಕ್ಲಿನಿಕ್ಕುಗಳ ಕೆಪಿಎಂಇ ಕಾಯ್ದೆಯ ನೋಂದಣಿ ಪತ್ರ ಗೋಡೆಯಲ್ಲಿತ್ತು, ಅದರಂತೆ ದರಪಟ್ಟಿಯೂ ಇತ್ತು. ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್ ಮುಗಿಸಿ ಬಂದ ಹುಡುಗಿ.

“ಕಾರ್ಡ್ ತಗೋತೀರೇನಮ್ಮ?”

“ಇಲ್ಲ ಅಂಕಲ್. ಫೋನ್‌ಪೇ ಇದೆ.”

ಟೈಲರ್ ದರಪಟ್ಟಿ ನೋಡಿದರು. ಆಮೇಲೆ ಮಂಚಗಳ ನಡುವೆ ತೂಗುಹಾಕಿದ್ದ ಪರದೆ ನೋಡಿದರು. ಅಂಚು ಮಡಿಸದ ಬಟ್ಟೆ, ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ.

“ಇದನ್ಯಾರಮ್ಮ ಹೊಲ್ದಿದ್ದು?”

“ಹೊಲ್ಸಿಲ್ಲ ಅಂಕಲ್, ಹಂಗೇ ಕಟ್ಟಿದ್ದೀನಿ.”

ಆರು ಪರದೆ, ಮೂರು ದಿಂಬಿನ ಗವಸು, ಒಂದು ಬಿಳಿ ಕೋಟು. ಅದಕ್ಕೆ ಬದಲು ಹತ್ತು ಸಿಟ್ಟಿಂಗು. ಯಾವ ಟ್ರಸ್ಟಿನ ಮಂಜೂರಾತಿಯೂ ಬೇಡದ ಅಪ್ಪಟ ಕ್ಯಾಶ್‌ಲೆಸ್. ಮೂರನೇ ಪರದೆಯ ಹೊತ್ತಿಗೆ ಕೈ ಕಿವಿಯ ಮಟ್ಟ ಮುಟ್ಟಿತು. ಹುಡುಗಿಗೂ ಧೈರ್ಯ ಬಂದು, ಕೋಟಿನ ಕಾಲರಿಗೆ ನೀಲಿ ಪೈಪಿಂಗ್ ಹಾಕಿಕೊಡಿ ಅಂಕಲ್ ಎಂದಳು.

ಟೈಲರ್ ಟೇಪನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತ, “ಪೈಪಿಂಗ್ ಪ್ಯಾಕೇಜಲ್ಲಿ ಬರಲ್ಲಮ್ಮ. ಅದಕ್ಕೆ ಇನ್ನೊಂದು ಸಿಟ್ಟಿಂಗ್ ಆಗುತ್ತೆ” ಎಂದರು.